ಇಬ್ಬರು ತೊಟ್ಟ ಏಳು ನಂಬರು

ರಾತ್ರಿ ಎರಡೂವರೆಗೆ ನನ್ನನ್ನು ಎಬ್ಬಿಸಿದ್ದು ಕೂಸಿನ ಅಳುವಲ್ಲ. ಜಗಲಿಯಲ್ಲಿ ಅಪ್ಪ ಫೋನು ಹಿಡಿದು ಕೂಗುತ್ತಿದ್ದರು: "ಏಳು ನಂಬರು ಅಂದ್ರೆ ನಾನೇ ಮಾರಾಯಾ!" ಆಚೆ ಕಡೆ ಹೊನ್ನಾವರದ ಮಾವ, ಅಮ್ಮನ ತಮ್ಮ. ಕಾಲೇಜಿನ ಹಳಬರ ವಾಟ್ಸಾಪ್ ಗುಂಪಿನಲ್ಲಿ ಒಂದೊಂದು ಜರ್ಸಿ ನಂಬರಿಗೂ ಒಬ್ಬ ಶ್ರೇಷ್ಠ ಫುಟ್‌ಬಾಲ್ ಆಟಗಾರನನ್ನು ಆರಿಸುತ್ತಿದ್ದಾರಂತೆ.

ಈ ಜಗಳ ಕೇಳುತ್ತಲೇ ಬೆಳೆದವಳು ನಾನು. ಭಾನುವಾರ ಮಾವ ಬಂದರೆ, ಬಂಗಡೆ ಸಾರು ಉಂಡ ಕೈ ಒಣಗಿದರೂ ಇದೇ ಮಾತು. ಆಗ ಅವರಿಬ್ಬರೂ ಆಡುತ್ತಿದ್ದ ಕಾಲೇಜು ತಂಡಕ್ಕಿದ್ದದ್ದು ಹನ್ನೊಂದೇ ಜರ್ಸಿ. ನಂಬರು ಬರೆದದ್ದು ದೋಣಿಗೆ ಬಳಿದು ಉಳಿದ ಬಣ್ಣದಲ್ಲಿ. ಹೊರಗೆ ಬಂದವನು ಬೆವರಿನ ಜರ್ಸಿ ಕಳಚಿ ಒಳಗೆ ಹೋಗುವವನಿಗೆ ಕೊಡಬೇಕು. ಭಟ್ಕಳದ ಫೈನಲ್‌ನಲ್ಲಿ ಅಪ್ಪನ ಕಾಲು ಉಳುಕಿ, ಏಳು ನಂಬರು ಮಾವನ ಮೈಗೇರಿತು. ಸ್ಕೋರು ಪುಸ್ತಕದಲ್ಲಿ ಗೆಲುವಿನ ಗೋಲು ಹೊಡೆದವರ ಜಾಗದಲ್ಲಿ ಬರೆದದ್ದು ಬರೀ "ಏಳು".

"ಗೋಲು ಹೊಡೆದ ಮೇಲೇ ಕಾಲು ಉಳುಕಿದ್ದು," ಎನ್ನುತ್ತಿದ್ದರು ಅಪ್ಪ.

"ಎಂತ ಭಾವಾ, ಆಗ ನೀವು ಕಾಲಿಗೆ ಐಸು ಒತ್ಕಂಡು ಕೂತಿದ್ರಿ!" ಎನ್ನುತ್ತಿದ್ದರು ಮಾವ.

"ಇಬ್ರೂ ಒದ್ದದ್ದು ಸಾಕು, ತಾಟು ಎತ್ತಿ," ಎಂದು ಅಮ್ಮ ಗದರುತ್ತಿದ್ದಳು.

ಬೆಳಗಾದರೆ ನನ್ನ ಮಗನನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ನಾನು ಕೂಸಾಗಿದ್ದಾಗ ಮಲಗಿದ್ದ ತೊಟ್ಟಿಲು ಮಾವನ ಮನೆಯಲ್ಲಿದೆ. "ಭಾವಾ, ನೀವು ಒಪ್ಪದಿದ್ರೆ ತೊಟ್ಟಿಲೂ ಬರೂದಿಲ್ಲ, ನಾನೂ ಬರೂದಿಲ್ಲ," ಎಂದು ಸ್ಪೀಕರಿನಲ್ಲಿ ಕೂಗಿ ಅವರು ಫೋನಿಟ್ಟರು. ಈಗ ಕೂಸೂ ಎದ್ದು ಕಿರುಚುತ್ತಿದೆ.

ಆ ಆಟ ನೋಡಿದವರು ಇದನ್ನು ಓದುತ್ತಿದ್ದರೆ ದಮ್ಮಯ್ಯ, ಬೆಳಗಾಗುವುದರೊಳಗೆ ಅಪ್ಪನಿಗೆ ಫೋನ್ ಮಾಡಿ. ನೆನಪಿಲ್ಲದಿದ್ದರೂ ಮಾಡಿ. ಗೋಲು ಮಾವನದೇ ಎಂದುಬಿಡಿ. ತೊಟ್ಟಿಲು ಅವರ ಹತ್ತಿರ ಇದೆ.