ಸಖುಬಾಯಿಯ ಕೊಬ್ಬು

ನಮ್ಮ ಮನೆಗೂ ದತ್ತಾತ್ರಿಯ ಮನೆಗೂ ನಡುವೆ ಒಂದೇ ಗೋಡೆ. ಈಚೆ ಕಡೆ ಆ ಗೋಡೆಗೆ ನಮ್ಮ ಪಾತ್ರೆಗಳ ಹಲಗೆ ಹೊಡೆದಿದ್ದೇವೆ. ಮಳೆ ಕೈಕೊಟ್ಟು ಸಂತಪುರದ ಅರ್ಧ ಓಣಿ ಹೈದರಾಬಾದು, ಪುಣೆ ಎಂದು ಖಾಲಿಯಾಗಿದ್ದ ವರ್ಷ ಅದು. ದಿನಾ ಮುಂಜಾನೆ ಹಲಗೆಯ ಮೇಲಿನ ತಾಟುಗಳು ಗಲಗಲ ಅನ್ನತೊಡಗಿದವು. ಆಚೆಯಿಂದ ಧಪ್ ಧಪ್ ಎಂಬ ಸದ್ದು. ಜೊತೆಗೆ ಹೆಂಗಸರು ಕುಣಿಯುತ್ತ ಹೇಳುವ ಒಂದು ಭುಲಾಯಿ ಹಾಡು, ಅದೂ ನಡುನಡುವೆ ಹರಿದು ಬೀಳುವುದು.

"ಸಖು ಕುಣಿಲತ್ತಾಳ," ಎಂದಳು ನನ್ನ ಹೆಂಡತಿ. "ಊರಾಗ ಕಾಳಿಲ್ಲ, ಇಕಿ ಕೊಬ್ಬು ನೋಡ್ರಿ."

ಮಧ್ಯಾಹ್ನದೊಳಗೆ ಇಡೀ ಓಣಿಗೆ ಗೊತ್ತಾಯಿತು. ನಮ್ಮ ಜನಕ್ಕೆ ಕುಡಿಯಲು ನೀರಿಲ್ಲದಿದ್ದರೂ ನಡೆಯುತ್ತದೆ, ನಗಲು ಒಬ್ಬರು ಬೇಕು.

ಸಖುಬಾಯಿ ದತ್ತಾತ್ರಿಯ ಹೆಂಡತಿ. ಕಮಠಾಣದಿಂದ ಸೊಸೆಯಾಗಿ ಬಂದಾಗ ಸೋಟೆಯ ಹಾಗೆ ಸಣಕಲಾಗಿದ್ದಳು. ಮದುವೆಯಾದ ವರ್ಷದಿಂದಲೇ ಗಂಡನ ಜೊತೆ ಚಳಿಗಾಲವೆಲ್ಲ ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯಲು ಹೋದಳು. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಆದರೆ ಜನ ಕರೆದೊಯ್ಯುವ ಮುಕಾದಮನ ಬಾಯಲ್ಲಿ ಕೊಯ್ತಾ ಎಂದರೆ ಗಂಡ ಹೆಂಡತಿ, ಇಬ್ಬರೂ ಸೇರಿ ಒಂದು. ಒಬ್ಬರೇ ಬಂದರೆ ಅರ್ಧ ಕೊಯ್ತಾ. ಗಂಡಸು ಕಡಿಯಬೇಕು, ಹೆಂಗಸು ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಹಲಗೆ ಏರಿ ಲಾರಿಗೆ ಹಾಕಬೇಕು.

ನಮ್ಮ ಕಡೆಯ ಮುಕಾದಮ ಕಮಲನಗರದ ಕಾಶೀರಾಮ. ಹೆಂಗಸರು ತಿಂಗಳಿಗೊಮ್ಮೆ ಹೊಟ್ಟೆನೋವೆಂದು ಕೂತರೆ ಅವನಿಗೆ ಮೈ ಉರಿಯುತ್ತಿತ್ತು. "ಚೀಲಾ ತಗಸಿಬಿಡು, ತಂಗಿ. ಬೇಫಿಕರ್ ಆಗ್ತಿ," ಎಂದ. ಬೀದರಿನ ಒಂದು ಖಾಸಗಿ ದವಾಖಾನೆಯಲ್ಲಿ ಸಖುವಿನ ಗರ್ಭಚೀಲ ತೆಗೆಸಿದರು. ಒಂದು ಕೂಸೂ ನಿಂತಿರದ ಹೊಟ್ಟೆ ಅದು. ಭಾರ ಎತ್ತಬೇಡ ಎಂದು ಡಾಕ್ಟರ್ ಹೇಳಿದ್ದರಿಂದ ಅತ್ತೆ ಕೇಶರಬಾಯಿ ನೀರು ಹೊತ್ತಳು, ಹೊತ್ತ ಪ್ರತಿ ಕೊಡಕ್ಕೂ ಸೊಸೆಯ ಮುಖಕ್ಕೆ ಬೈಗುಳ ಸುರಿದಳು. ಹೊಲದಲ್ಲಿ ಕೆಲಸವಿರಲಿಲ್ಲ. ಕೂತಲ್ಲೇ ಸಖುವಿನ ಮೈ ಬೆಳೆಯಿತು. ಮರುವರ್ಷದ ಸುಗ್ಗಿಯಲ್ಲಿ ಹೊರೆ ಹೊತ್ತು ಹಲಗೆಯ ಅರ್ಧಕ್ಕೆ ಹೋದವಳು ಉಸಿರು ಸಿಗದೆ ನಿಂತಳು. ಹೊರೆ ಕೆಳಗೆ ಬಿತ್ತು.

ಕಾಶೀರಾಮ ದತ್ತಾತ್ರಿಗೆ ಎಲ್ಲರೆದುರಿಗೇ ಹೇಳಿದ: "ಈ ಎಮ್ಮಿ ಮುಂದಿನ ವರ್ಷ ನಡಿಯಾಂಗಿಲ್ಲ. ಜೋಡಿ ಬದಲ್ ಮಾಡು."

ಚೀಲ ತೆಗೆಸು ಎಂದ ಬಾಯೇ ಅದು. ನಾನಿದ್ದಿದ್ದರೆ ಆ ಬಾಯಿಗೆ ಕಬ್ಬು ತುರುಕುತ್ತಿದ್ದೆ. ದತ್ತಾತ್ರಿ ತಲೆಯಾಡಿಸಿದ. ಊರಿಗೆ ಬಂದು, ಭಾಲ್ಕಿ ಕಡೆ ಲಲಿತಾಬಾಯಿ ಎಂಬ ವಿಧವೆ ಇದ್ದಾಳೆ, ದಸರೆಗೆ ಅವಳಿಗೆ ತಾಳಿ ಕಟ್ಟಿ ಕರೆದೊಯ್ಯುತ್ತೇನೆ ಎಂದ. ಹೆಂಡತಿಯ ಎದುರಿಗೇ, ಎತ್ತು ಬದಲಿಸುವ ಮಾತಿನಂತೆ.

ಸಖುವಿಗೆ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ದಸರೆಯೊಳಗೆ ಮೈ ಇಳಿಸಿ ಹಲಗೆ ಏರಬೇಕು, ಇಲ್ಲವಾದರೆ ಸವತಿಯ ಕೈಕೆಳಗೆ ಅತ್ತೆಯ ಬೈಗುಳ ತಿಂದು ಬಿದ್ದಿರಬೇಕು.

ಅವಳು ಹೋಗಿದ್ದು ಸರಕಾರಿ ದವಾಖಾನೆಯ ನರ್ಸು ಆಬೇದಾ ಹತ್ತಿರ. ಆಬೇದಾ ಬಿಪಿ ನೋಡಿದಳು, ಎದೆ ನೋಡಿದಳು.

"ಉಪವಾಸ ಬ್ಯಾಡ, ಸಖು. ರೊಟ್ಟಿ ಬ್ಯಾಳಿ ಹೊಟ್ಟಿಗಿ ತಿನ್ನು, ಸಕ್ಕರಿ ಚಹಾ ಬಿಡು. ಜಿಗಿಲಾಕ ಹೋಗಬ್ಯಾಡ, ಮಣಕಾಲು ಹೋಗ್ತಾವ. ಮನ್ಯಾಗ ನಿಂತಲ್ಲೇ ನಡಿ. ಮೊದಲ ಸಾವಕಾಶ, ಆಮ್ಯಾಲ ಮಣಕಾಲು ಮ್ಯಾಲೆತ್ತಿ, ಕೈ ಬೀಸಿ. ನಿಲ್ಲಸೋ ಮುಂದ ಒಮ್ಮಿಗೇ ಕೂಡಬ್ಯಾಡ, ಸಾವಕಾಶ ಮಾಡ್ಕೋತ ನಿಲ್ಲಸು."

"ಎಷ್ಟು ಜೋರು ನಡೀಬೇಕ್ರಿ ಬಾಯಿ?"

"ನಡಿಯೋ ಮುಂದ ಮಾತಾಡ್ಲಾಕ ಬರಬೇಕು, ಹಾಡ್ಲಾಕ ಬರಬಾರದು. ಹಾಡು ಬಂತಂದ್ರ ನೀ ಆಟ ಆಡ್ಲತ್ತಿ. ಮಾತೂ ಬರಲಿಲ್ಲಂದ್ರ ನಿಂದ್ರು. ಎದಿ ಹಿಡೀತು, ಕಣ್ಣಿಗಿ ಕತ್ತಲ ಬಂತು ಅಂದ್ರ ಸೀದಾ ನನ್ನ ಹತ್ರ ಬಾ."

ಮಾತಾಡಿ ನೋಡಲು ಆ ಮನೆಯಲ್ಲಿ ಸಖುವಿನ ಜೊತೆ ಮಾತಾಡುವವರು ಯಾರು? ಅದಕ್ಕೇ ಹಾಡಿ ನೋಡುತ್ತಿದ್ದಳು. ಸಾಲು ಪೂರಾ ಬಂದರೆ ಕಾಲು ಜೋರು ಮಾಡುವಳು. ಗೋಡೆಯ ಈಚೆ ನಮಗೆ ಕೇಳುತ್ತಿದ್ದ ಹರಿದ ಹಾಡು ಅದೇ.

ಕೆಲವು ವಾರ ಕಳೆದ ಮೇಲೆ, ಕಾಲು ಎಷ್ಟು ಜೋರು ಮಾಡಿದರೂ ಹಾಡು ತುಂಡಾಗದೆ ಪೂರಾ ಬರತೊಡಗಿತು. ಇನ್ನು ಒಂದು ಮೆಟ್ಟಿಲು ಹತ್ತಿ ಇಳಿ ಎಂದಳು ಆಬೇದಾ. ಮನೆಯಲ್ಲಿ ಮೆಟ್ಟಿಲೆಲ್ಲಿ? ನೆಲದಿಂದ ಎತ್ತರವಿದ್ದದ್ದು ಹೊಸ್ತಿಲು ಒಂದೇ. ಸಖು ಹೊಸ್ತಿಲ ಮೇಲೆ ಕಾಲಿಟ್ಟು ಹತ್ತಿ ಇಳಿಯತೊಡಗಿದಳು. ನೀರು ತಂದ ಕೇಶರಬಾಯಿ ನೋಡಿ ಕೊಡ ಎತ್ತಿ ಹಾಕಿದಳು. ಟ್ಯಾಂಕರಿಗೆ ಬಡಿದಾಡಿ ತಂದ ನೀರು ಅಂಗಳದಲ್ಲಿ ಹರಿಯಿತು.

"ಲಕ್ಷ್ಮೀನ ತುಳೀತಿ ಏನ, ಬಂಜಿ! ಅದಕ್ಕಾ ಮಳಿ ಹೋಗೇದ. ನಿನ್ನ ಕೊಬ್ಬು ನಾ ಇಳಸ್ತೇನಿ ತಡಿ!"

ಒಲೆ ಊದುವ ಕೊಳವೆಯಿಂದ ಹೊಡೆದಳು. ನಾನು ಓಡಿಹೋಗಿ, ನೋಡುತ್ತ ನಿಂತಿದ್ದ ದತ್ತಾತ್ರಿಯ ಕೊರಳಪಟ್ಟಿ ಹಿಡಿದೆ. "ಅಕಿ ನಿನ್ನ ಹೆಂಡತಿ ಏನಪಾ, ನಿನಗ್ಯಾಕ ಉರೀತದ?" ಎಂದ ಆ ನಾಯಿ. ಓಣಿಯವರು ಬಿಡಿಸಿದರು, ನನಗೇ ಬುದ್ಧಿ ಹೇಳಿದರು.

ಹೊಸ್ತಿಲು ಹೋದ ಮೇಲೆ ಉಳಿದಿದ್ದು ಹೊರಗಿನ ಕಟ್ಟೆ. ಬೀದಿಯವರೆಲ್ಲ ನೋಡುವ ಜಾಗ. ಮರುದಿನ ಸಖು ಬಾತ ಕೈಯಲ್ಲಿ ಸೆರಗು ಬಿಗಿದು ಅಲ್ಲೇ ನಿಂತಳು. ಹತ್ತಿದಳು, ಇಳಿದಳು. ಟ್ಯಾಂಕರಿನ ಸಾಲು ಅವಳ ಕಡೆ ತಿರುಗಿತು.

"ಏ ಸಖು, ಯಾವ ಗುಡ್ಡಾ ಹತ್ತಲತ್ತಿ?"

"ಇಷ್ಟು ಹತ್ತಿದ್ರ ಔರಾದ ಮುಟ್ಟತಿದ್ದಿ ನೋಡು, ಬಸ್ಸಿನ ಖರ್ಚು ಉಳೀತಿತ್ತು!"

ಸಖು ಒಳಗೆ ಹೋಗಿ ಬಂದಳು. ಸೊಂಟಕ್ಕೆ ನೀರಿನ ಕೊಡ ಇಟ್ಟುಕೊಂಡು ಹತ್ತತೊಡಗಿದಳು. ಆಮೇಲೆ ತಲೆಯ ಮೇಲೆ.

ದಸರೆಯ ಮರುದಿನ ಕಾಶೀರಾಮನ ಲಾರಿ ಬಂತು. ದತ್ತಾತ್ರಿಯ ಹಿಂದೆ ಲಲಿತಾಬಾಯಿ ನಿಂತಿದ್ದಳು. ಕೊರಳಲ್ಲಿ ಹೊಸ ತಾಳಿ, ಕೈಯಲ್ಲಿ ತಗಡಿನ ಪೆಟ್ಟಿಗೆ. ಕಣ್ಣು ಒಳಗೆ ಹೋಗಿದ್ದವು. ಹೊಟ್ಟೆಗೆ ಬಿದ್ದು ಎಷ್ಟು ದಿನವಾಗಿತ್ತೋ.

ಲಾರಿಗೆ ಹಲಗೆ ಹಚ್ಚಿದ್ದರು. ಸಖು ಬಂದವಳೇ ಸುಗ್ಗಿಗೆಂದು ಕಟ್ಟಿಟ್ಟಿದ್ದ ಮನೆಯ ಜೋಳದ ಚೀಲ ತಲೆಗೆ ಏರಿಸಿಕೊಂಡು ಹಲಗೆ ಹತ್ತಿದಳು. ಹತ್ತುತ್ತ ಬೈದಳು. "ಚೀಲಾ ತಗಸು ಅಂದಿ, ತಗಸಿದೆ. ಎಮ್ಮಿ ಅಂದಿ, ಕೇಳಿದೆ. ನೋಡೀಗ, ಕಾಶೀರಾಮ, ಕಣ್ಣ ತೆಗದು ನೋಡು, ನಿಮ್ಮವ್ವ ಏರ್ಯಾಳೇನು ಹಿಂಗ!" ಮೇಲೆ ಹೋಗಿ ಚೀಲ ಕೆಡವುವವರೆಗೆ ಮಾತು ಎಲ್ಲೂ ತುಂಡಾಗಲಿಲ್ಲ.

ಕಾಶೀರಾಮ ನಕ್ಕ. "ಶಾಬಾಸ್! ಇಬ್ಬರೂ ಏರ್ರಿ. ದತ್ತೂ, ನಿಂದು ದೀಡ ಕೊಯ್ತಾ, ಒಂದೂವರಿ."

ದತ್ತಾತ್ರಿಯ ಹಲ್ಲು ಹೊರಗೆ ಬಂದವು.

"ಇಲ್ಲ," ಎಂದಳು ಸಖು ಮೇಲಿನಿಂದ. "ಅಕಿಗೂ ನಮ್ಮ ಇನ್ನೊಂದು ಚೀಲಾ ಹೊರಸು. ಹತ್ತಿದ್ರ ನಾ ಇಳೀತೇನಿ. ಹತ್ತದಿದ್ರ ಅಕಿ ಮನಿಗಿ."

ಕಾಶೀರಾಮನಿಗೆ ತಮಾಷೆ ಬೇಕಿತ್ತು, ಹೊರಿಸಿದ. ಲಲಿತಾಬಾಯಿ ಹಲಗೆಯ ಅರ್ಧಕ್ಕೆ ಬಂದಳು, ನಿಂತಳು. ಚೀಲ ಒಂದು ಕಡೆ ವಾಲತೊಡಗಿತು. ಸಖು ಹಲಗೆಯ ತುದಿಯಲ್ಲಿ ಕೂತು ಅವಳ ಮುಖ ನೋಡಿದಳು. ಕೈ ಚಾಚಿದ್ದರೆ ಸಿಗುತ್ತಿತ್ತು.

"ಯಾಕ ನಿಂತಿ, ತಂಗಿ?" ಎಂದಳು. "ಹಾಡು ನೋಡಾಮು."

ಓಣಿ ಹೋ ಎಂದು ನಕ್ಕಿತು. ಸಖುವಿಗೆ ನಕ್ಕ ಬಾಯಿಗಳೇ ಅವು. ಚೀಲ ಕೆಳಗೆ ಬಿದ್ದು ಹೊಲಿಗೆ ಬಿಚ್ಚಿತು. ಲಲಿತಾಬಾಯಿ ಇಳಿದು ಬಂದು ಧೂಳಿನಲ್ಲಿ ಚೆಲ್ಲಿದ ಜೋಳ ಬಳಿದು ಸೆರಗಿಗೆ ಕಟ್ಟಿಕೊಳ್ಳತೊಡಗಿದಳು. "ನಂದದು, ಹಾಕಿಲ್ಲಿ," ಎಂದು ಸಖು ಲಾರಿಯಿಂದಲೇ ಕೈಮಾಡಿದಳು. ಸೆರಗು ಬಿಚ್ಚಿಸಿಯೇ ಬಿಟ್ಟಳು.

ಲಾರಿ ಹೋಯಿತು. ತಗಡಿನ ಪೆಟ್ಟಿಗೆ ಹೊತ್ತು ಆ ಹೆಂಗಸು ಭಾಲ್ಕಿಯ ದಾರಿ ಕೇಳಿದಳು. ನಾನು ಬಸ್ ನಿಲ್ದಾಣದ ಕಡೆ ಕೈ ತೋರಿಸಿದೆ.

ಸಖುಬಾಯಿ ಈಗ ಕಾಶೀರಾಮನ ಹೆಣ್ಣಾಳುಗಳ ಮೇಲೆ ಮುಖ್ಯಸ್ಥೆ. ಪ್ರತಿ ದಸರೆಗೆ ಲಾರಿ ಬಂದಾಗ ಹಲಗೆಯ ತುದಿಯಲ್ಲಿ ಅವಳೇ ಕೂಡುತ್ತಾಳೆ. ಮೈ ಮತ್ತೆ ಬಂದಿಲ್ಲ. ಹೊಸ ಸೊಸೆಯಂದಿರು ಚೀಲ ಹೊತ್ತು ಏರುವಾಗ, "ಮಾತಾಡ್ಕೋತ ಹತ್ತು," ಎನ್ನುತ್ತಾಳೆ. ಮಾತು ನಿಂತವಳನ್ನು ಅಲ್ಲಿಂದಲೇ ಇಳಿಸುತ್ತಾಳೆ.