ಅಂಗಿಗೆ ಹಚ್ಚಿದ ರಮ್

ಒನೆಲಿಯೋ ರಮ್ ಕುಡಿಯುತ್ತಿರಲಿಲ್ಲ, ಅಂಗಿಗೆ ಹಚ್ಚಿಕೊಳ್ಳುತ್ತಿದ್ದ. ಮದುವೆಗೆ ಹೊರಟವರು ಅತ್ತರು ಹಚ್ಚಿಕೊಂಡ ಹಾಗೆ ಕೊರಳಪಟ್ಟಿಗೆ ಒಂದಿಷ್ಟು, ಎದೆಗೆ ಒಂದಿಷ್ಟು. ಉಳಿದದ್ದಕ್ಕೆ ಬಿರಡೆ ಹಾಕಿ ಬಚ್ಚಲಿನ ತಗಡಿನ ಸಂದಿಯಲ್ಲಿ ಬಚ್ಚಿಡುತ್ತಿದ್ದ. ಓಲ್ಗಿನ್ ಊರಿನಲ್ಲಿ, ಅಷ್ಟೇಕೆ, ಇಡೀ ಕ್ಯೂಬಾದಲ್ಲಿ ರಮ್ಮನ್ನು ಹೀಗೆ ದಂಡ ಮಾಡಿದ ಇನ್ನೊಬ್ಬ ಮನುಷ್ಯನಿದ್ದರೆ ಕರೆದುಕೊಂಡು ಬನ್ನಿ, ನೋಡೋಣ.

ಆತನ ಕೆಲಸ ಆರ್ಗನ್ ತಿರುಗಿಸುವುದು. ಚರ್ಚಿನಲ್ಲಿ ಬೆರಳಾಡಿಸುವ ಆರ್ಗನ್ ಅಲ್ಲ ಇದು. ಬೀರುವಿನಷ್ಟು ದೊಡ್ಡ ಮರದ ಪೆಟ್ಟಿಗೆ, ಪಕ್ಕದಲ್ಲೊಂದು ಹಿಡಿ. ತೂತು ಕೊರೆದ ರಟ್ಟಿನ ಪಟ್ಟಿಯನ್ನು ಒಳಗೆ ಬಿಟ್ಟು ಹಿಡಿ ತಿರುಗಿಸಿದರೆ ಹಾಡು ಹೊರಗೆ ಬರುತ್ತದೆ. ತಿರುಗಿಸುವ ಕೈ ಒಂದಿಷ್ಟು ಆತುರಪಟ್ಟರೂ ಕುಣಿಯುವವರ ಕಾಲಿಗೆ ಕಾಲು ತೊಡರುತ್ತದೆ. ಒನೆಲಿಯೋ ಬಲ ಮಂಡಿಯ ಪಕ್ಕವನ್ನು ಪೆಟ್ಟಿಗೆಯ ಪೀಠಕ್ಕೆ ಗಟ್ಟಿಯಾಗಿ ಆನಿಸಿ ನಿಂತು, ಸೊಂಟದಿಂದ ಬಲ ತಂದು ತಿರುಗಿಸುತ್ತಿದ್ದ. ಶನಿವಾರ ಮಧ್ಯಾಹ್ನ ಶುರು ಮಾಡಿದರೆ ಹೊತ್ತು ಮುಳುಗುವವರೆಗೆ ಅದೇ ಹದ. ಪೆಟ್ಟಿಗೆಯ ಯಜಮಾನ ಚಾಗೋ ಮುದುಕ ಯಾರನ್ನೂ ಹೊಗಳುವ ಪೈಕಿಯಲ್ಲ. ಅಂಥವನೇ "ಇವನ ಕೈ ಇರೋವರೆಗೆ ನನ್ನ ಪೆಟ್ಟಿಗೆಗೆ ಮುಪ್ಪಿಲ್ಲ" ಎನ್ನುತ್ತಿದ್ದ. ಆ ವರ್ಷ ಗೆದ್ದಲು ಹಿಡಿದ ಹಳೆಯ ಮರದ ಪೀಠವನ್ನು ಒಲೆಗೆ ಹಾಕಿ, ಯಾರದೋ ಮುರುಕು ಮಂಚದ ಕಬ್ಬಿಣದಿಂದ ಹೊಸ ಪೀಠ ಬೆಸೆಸಿ ತಂದು, ಅದನ್ನೂ ತಾನೇ ಹೊಗಳಿಕೊಂಡಿದ್ದ.

ಮಳೆಗಾಲ ಶುರುವಾಗುವ ಹೊತ್ತಿಗೆ ಒನೆಲಿಯೋನ ಬಲಗಾಲು ಹೊಸ್ತಿಲಿಗೆ ತಾಗತೊಡಗಿತು. ಮೊದಲು ಹೊಸ್ತಿಲನ್ನು ಬೈದ. ಆಮೇಲೆ ಚಪ್ಪಲಿಯನ್ನು ಬೈದ. ಮೊಣಕಾಲಿನ ಕೆಳಗೆ ಹೊರಮಗ್ಗುಲಿನಲ್ಲಿ ಇರುವೆ ಹರಿದ ಹಾಗೆ ಜುಮುಜುಮು, ಪಾದದ ಮೇಲೆ ಕೈಯಾಡಿಸಿದರೆ ಬೇರೆ ಯಾರದೋ ಚರ್ಮ. ಒಂದು ಬೆಳಗ್ಗೆ ಬೀದಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋದಮೇಲೆ ತಿರುಗಿ ನೋಡಿದರೆ ಬಲಗಾಲಿನ ಚಪ್ಪಲಿ ಹಿಂದೆಯೇ ಉಳಿದಿತ್ತು. ಬಿಟ್ಟು ಬಂದದ್ದು ಕಾಲಿಗೇ ಗೊತ್ತಾಗಿರಲಿಲ್ಲ.

ಬೇರೆ ಊರಿನವನಾಗಿದ್ದರೆ ಎಣ್ಣೆ ತಿಕ್ಕಿಕೊಂಡು ಸುಮ್ಮನಾಗುತ್ತಿದ್ದ. ಆದರೆ ನಮ್ಮ ಸೀಮೆಯ ಕೆಲವು ಮನೆತನಗಳಲ್ಲಿ ಒಂದು ಕಾಯಿಲೆ ಇದೆ, ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಮೂಗು ಕಣ್ಣು ಇಳಿದ ಹಾಗೆ ಇಳಿಯುತ್ತದೆ. ಮೊದಲು ನಡಿಗೆ ತೂಗಾಡುತ್ತದೆ, ಆಮೇಲೆ ಕೈ, ಆಮೇಲೆ ನಾಲಿಗೆ. ಮಿದುಳಿನ ಹಿಂಭಾಗ ಸವೆಯುವುದಂತೆ. ಒನೆಲಿಯೋನ ಅಪ್ಪನಿಗೆ ಅದಿತ್ತು. ಅಣ್ಣ ರಿಗೋಗೆ ಮೂವತ್ತು ದಾಟುತ್ತಲೇ ಬಂತು. ಇವನು ಐವತ್ತು ದಾಟಿದರೂ ನೆಟ್ಟಗಿದ್ದ. ನೆಟ್ಟಗಿದ್ದೇನೆ ಎಂದು ಗಟ್ಟಿಯಾಗಿ ಹೇಳುವುದಕ್ಕೂ ಹೆದರುತ್ತಿದ್ದ. ಆ ಹೆದರಿಕೆಗೇ ಆತನೂ ಹೆಂಡತಿ ನೆರೇದಾಳೂ ಮಕ್ಕಳು ಬೇಡವೆಂದು ಮದುವೆಗೆ ಮೊದಲೇ ಮಾತಾಡಿಕೊಂಡಿದ್ದರು.

ಅಪ್ಪ ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ. ಆದರೂ ತೂಗಾಡುತ್ತ ನಡೆಯುವವನನ್ನು ಕಂಡರೆ ಜನ ಏನೆಂದುಕೊಳ್ಳುತ್ತಾರೆ? ಕಬ್ಬಿನ ಗಿರಣಿಯ ಮೇಸ್ತ್ರಿ ಕೆಲಸದಿಂದ ತೆಗೆದ, ಹೆಂಗಸರು ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಂಡರು. "ನಾನು ಕುಡಿದಿಲ್ಲ" ಎಂದು ಅಪ್ಪ ಹೇಳುತ್ತಿದ್ದ. ತೊದಲುತ್ತ ಹೇಳುತ್ತಿದ್ದುದರಿಂದ ಜನ ಇನ್ನಷ್ಟು ನಗುತ್ತಿದ್ದರು. ಊರ ಬಾಯಿಗೆ ಬೀಗ ಹಾಕುವವರು ಯಾರು.

ಹೀಗಾಗಿ ಒನೆಲಿಯೋ ಯಾರಿಗೂ ಬಾಯಿ ಬಿಡಲಿಲ್ಲ. ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗದ ನೆರಳಿನ ಮೇಲೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದು ನೋಡಿದ. ಕಣ್ಣು ಮುಚ್ಚಿ ನಿಂತು ನೋಡಿದ. ನೆರೇದಾ ಹೊರಗೆ ಬಂದರೆ ಹಗ್ಗವನ್ನೇ ಪರೀಕ್ಷೆ ಮಾಡುತ್ತಿರುವವನ ಹಾಗೆ ಎಳೆದು ನೋಡುತ್ತಿದ್ದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಒಂದು ಶನಿವಾರ ಕುಣಿತ ಮುಗಿದು ರಟ್ಟಿನ ಪಟ್ಟಿ ಮಡಚುವಾಗ ಕಾಲು ಎಳೆದು, ಆರ್ಗನ್ ಜೊತೆಗೆ ಬಾರಿಸುವ ಡೋಲಿನ ಮೇಲೆಯೇ ದಬಾರನೆ ಬಿದ್ದ. ಚಾಗೋ ಓಡಿಬಂದ.

"ಏನಯ್ಯಾ, ಏನಾಯ್ತು ನಿಂಗೆ?"

ಸುತ್ತಲೂ ಜನ. ಎಲ್ಲರಿಗೂ ಅಪ್ಪನ ನೆನಪಿದೆ, ಅಣ್ಣನ ಮನೆ ಗೊತ್ತಿದೆ. ಒನೆಲಿಯೋನ ಬಾಯಿಗೆ ಬಂದದ್ದು ಒಂದೇ ಮಾತು.

"ಕುಡಿದಿದ್ದೀನಿ ಕಣಪ್ಪಾ, ಒಂಚೂರು ಜಾಸ್ತಿ ಆಯ್ತು."

ಜನ ಹೋ ಎಂದು ನಕ್ಕರು. "ಅಂತೂ ನಮ್ಮ ಜಾತಿಗೆ ಸೇರಿದೆ ಬಿಡು" ಎಂದು ಡೋಲಿನವನು ಕೈ ಕೊಟ್ಟು ಎತ್ತಿದ. ಆ ನಗು ಕೇಳಿ ಒನೆಲಿಯೋಗೆ ಹೋದ ಜೀವ ಬಂದಂತಾಯಿತು. ಮಾರನೆಯ ವಾರ ರಮ್ ತಂದು ಅಂಗಿಗೆ ಹಚ್ಚಿದ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕಥೆ ಎಷ್ಟು ದಿನ ನಡೆದೀತು. ನೆರೇದಾ ಮೊದಲು ಮಾತು ಬಿಟ್ಟಳು, ಆಮೇಲೆ ಮಾತು ಶುರು ಮಾಡಿದಳು, ಎರಡನೆಯದೇ ಹೆಚ್ಚು ಕಷ್ಟವಾಯಿತು.

"ಈ ವಯಸ್ಸಲ್ಲಿ ಕಲಿಯೋಕೆ ನಿಂಗೆ ಬೇರೆ ವಿದ್ಯೆ ಸಿಗಲಿಲ್ವಾ? ಕಾಫಿ ಸೋಸೋ ಬಟ್ಟೆಗೂ ರಮ್ ವಾಸನೆ. ನಮ್ಮಮ್ಮ ಏನು ಹೇಳಿದ್ಲು ಗೊತ್ತಾ, ಆರ್ಗನ್‌ನೋರನ್ನ ಕಟ್ಕೋಬೇಡ ಅಂತ."

"ನಿಮ್ಮಮ್ಮನೇ ಆರ್ಗನ್ ಮುಂದೆ ಎಲ್ಲರಿಗಿಂತ ಜಾಸ್ತಿ ಕುಣೀತಿದ್ಲು."

"ಮಾತು ತಿರುಗಿಸಬೇಡ. ಪೆಟ್ಟಿಗೆ ತಿರುಗಿಸೋದು ಸಾಕು."

ಚಾಗೋ ಕೂಡ ಇನ್ನೊಂದು ಸಲ ಬಿದ್ದರೆ ಹಿಡಿ ಬೇರೆಯವರಿಗೆ ಎಂದುಬಿಟ್ಟ. ಒನೆಲಿಯೋ ತಲೆ ತಗ್ಗಿಸಿ ಕೇಳಿಸಿಕೊಂಡ. ಕುಡುಕನೆಂದು ಬೈಸಿಕೊಂಡಷ್ಟೂ ಹೊಟ್ಟೆ ತಣ್ಣಗಾಗುತ್ತಿತ್ತು. ಮನೆಗೆ ಬಂದು ಕಾಲು ನೋಡಿಕೊಂಡಾಗ ಮಾತ್ರ ಅದೇ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

ಭಾನುವಾರ ಅಣ್ಣನಿಗೆ ಕ್ಷೌರ ಮಾಡಲು ಹೋಗುವುದು ಆತನ ಹಳೆಯ ರೂಢಿ. ರಿಗೋನ ಕೈ ನಿಲ್ಲುವುದಿಲ್ಲ, ಕತ್ತಿ ಹಿಡಿಯಲಾಗದು. ಮಾತು ಒಂದೊಂದಾಗಿ, ಕೆಸರಿನಿಂದ ಕಾಲು ಕಿತ್ತ ಹಾಗೆ ಹೊರಗೆ ಬರುತ್ತದೆ. ಆದರೆ ಬಂದ ಮಾತು ಚೂಪು. ಕುರ್ಚಿಯಲ್ಲಿ ಕೂರಿಸಿ, ನೊರೆ ಹಚ್ಚಿ, ಮುಖದ ಹತ್ತಿರ ಬಗ್ಗಿದ ಒನೆಲಿಯೋನ ಅಂಗಿಯನ್ನು ರಿಗೋ ಮೂಸಿ ನೋಡಿದ. ಆಮೇಲೆ ಬಾಯಿ ಮೂಸಿದ.

"ಅಂಗಿ ಕುಡಿದಿದೆ. ನೀನು ಕುಡಿದಿಲ್ಲ."

"ಸುಮ್ನೆ ಕೂತ್ಕೋ ಅಣ್ಣಾ, ಕತ್ತಿ ತಗಲುತ್ತೆ."

"ತಗಲಲಿ. ಅಪ್ಪ ಕುಡಿದಿಲ್ಲ ಕುಡಿದಿಲ್ಲ ಅಂತ ಬಡ್ಕೊಂಡು ಸತ್ತ, ಒಬ್ಬನೂ ನಂಬಲಿಲ್ಲ. ನೀನು ಕುಡಿದಿದ್ದೀನಿ ಅಂತ ಸುಳ್ಳು ಹೇಳಿದೆ, ಇಡೀ ಊರು ನಂಬಿಬಿಡ್ತು. ಒಳ್ಳೇ ಮಗ ಕಣೋ ನೀನು."

ಒನೆಲಿಯೋ ಕತ್ತಿಯನ್ನು ನೀರಿನ ಬಟ್ಟಲಿಗೆ ಹಾಕಿ ನೆಲದ ಮೇಲೆ ಕುಕ್ಕರಿಸಿದ. ಎಷ್ಟೋ ದಿನದಿಂದ ತಡೆದದ್ದು ಒಡೆದು ಬಂತು. ಅತ್ತ. ಅಣ್ಣನ ಮಂಡಿಯ ಮೇಲೆ ತಲೆಯಿಟ್ಟು ಅತ್ತ. ರಿಗೋ ನಡುಗುವ ಕೈಯಿಂದ ತಮ್ಮನ ತಲೆ ತಟ್ಟಿದ. ಕೆಲವು ಏಟು ಕಿವಿಗೆ ತಗಲಿದವು, ಕೆಲವು ಕುತ್ತಿಗೆಗೆ.

"ಎರಡೂ ಕಾಲಾ?" ಎಂದು ಕೇಳಿದ.

"ಇಲ್ಲ. ಬಲಗಾಲೊಂದೇ."

"ಕೈ?"

"ಕೈ ಚೆನ್ನಾಗಿದೆ. ಪಾದ ಎತ್ತೋಕೆ ಆಗ್ತಿಲ್ಲ, ಜೋಮು."

ರಿಗೋ ಬಗ್ಗಿ ತಮ್ಮನ ಬಲ ಪಾದವನ್ನು ನೋಡಿದ. "ನಮ್ಮದು ಒಂದೇ ಕಾಲಿಗೆ ಬಂದದ್ದು ನಾನು ಕಂಡಿಲ್ಲ" ಎಂದ. "ಅಪ್ಪಂಗೂ ಎರಡು, ನಂಗೂ ಎರಡು. ನಾನು ಡಾಕ್ಟ್ರಲ್ಲ. ನಾಳೆ ಹೋಗೋಣ. ಈಗ ಎದ್ದು ಉಳಿದರ್ಧ ಮುಖ ಮುಗಿಸು."

ಮರುದಿನ ಇಬ್ಬರೂ ಹೊರಟರು. ಕುದುರೆಗಾಡಿಯವನು ಇವರು ಬರುವುದನ್ನು ದೂರದಿಂದಲೇ ನೋಡಿದ. ಒಬ್ಬ ಆ ಕಡೆ ಈ ಕಡೆ ತೂಗಾಡುತ್ತಾನೆ, ಇನ್ನೊಬ್ಬ ಪಾದವನ್ನು ಪಟ್ ಪಟ್ ಎಂದು ನೆಲಕ್ಕೆ ಬಡಿಯುತ್ತಾನೆ.

"ಬೆಳಬೆಳಗ್ಗೆಯೇ ಇಬ್ಬರೂ ಏರಿಸಿದ್ದೀರಲ್ಲಾ. ನನ್ನ ಗಾಡಿಯಲ್ಲಿ ವಾಂತಿ ಗೀಂತಿ ಮಾಡಿದರೆ ನೋಡಿ."

"ಇವನೊಬ್ಬನೇ ಕುಡುಕ" ಎಂದು ರಿಗೋ ತಮ್ಮನನ್ನು ತೋರಿಸಿದ. "ನಂದು ಹುಟ್ಟಿನಿಂದ ಬಂದ ಅಮಲು, ಬಿಟ್ಟಿ ಸಿಕ್ಕಿದ್ದು." ತಾನೇ ನಕ್ಕ. ಗಾಡಿಯವನಿಗೆ ಅರ್ಥವಾಗಿ ಮುಖ ಸಣ್ಣದಾಯಿತು. ಕೆಳಗಿಳಿದು ರಿಗೋನನ್ನು ಕಂಕುಳಿಗೆ ಕೈಕೊಟ್ಟು ಹತ್ತಿಸಿದ, ದಾರಿಯುದ್ದಕ್ಕೂ ಗುಂಡಿ ತಪ್ಪಿಸಿ ಓಡಿಸಿದ.

ಡಾಕ್ಟರು ಮಾರಿಸೇಲಾ ರಿಗೋನನ್ನು ಎಷ್ಟೋ ವರ್ಷದಿಂದ ನೋಡುತ್ತಿರುವವರು. ಒನೆಲಿಯೋನನ್ನು ನಡೆಸಿದರು, ಕಣ್ಣು ಮುಚ್ಚಿಸಿ ನಿಲ್ಲಿಸಿದರು, ಮೂಗು ಮುಟ್ಟಿಸಿದರು, ಬೆರಳು ಅತ್ತಿತ್ತ ಸರಿಸಿ ಕಣ್ಣು ಎಷ್ಟು ಬೇಗ ಅದರ ಹಿಂದೆ ಹೋಗುತ್ತದೆಂದು ನೋಡಿದರು. ಆಮೇಲೆ ಮೊಣಕಾಲಿನ ಕೆಳಗೆ ಹೊರಮಗ್ಗುಲಿನ ಎಲುಬಿನ ಗುಬುಟಿನ ಮೇಲೆ ಬೆರಳಿನಿಂದ ಮೆತ್ತಗೆ ಬಡಿದರು. ಅಲ್ಲಿಂದ ಕಾಲಿನ ಹೆಬ್ಬೆರಳಿನವರೆಗೆ ಮಿಂಚು ಹರಿದು ಒನೆಲಿಯೋ ಮಂಚದಿಂದ ಹಾರಿಬಿದ್ದ.

"ಈ ಜಾಗಕ್ಕೆ ಏನು ತಗಲುತ್ತಪ್ಪಾ ನಿಮಗೆ? ಕಾಲ ಮೇಲೆ ಕಾಲು ಹಾಕಿ ಕೂರ್ತೀರಾ?"

"ಕೂರೋಕೆ ಪುರುಸೊತ್ತೆಲ್ಲಿ ಡಾಕ್ಟ್ರೇ. ನಿಂತು ಆರ್ಗನ್ ತಿರುಗಿಸ್ತೀನಿ."

"ಹೇಗೆ ನಿಲ್ತೀರಿ? ತೋರಿಸಿ."

ಒನೆಲಿಯೋ ಎದ್ದು, ಮೇಜನ್ನೇ ಪೆಟ್ಟಿಗೆ ಎಂದುಕೊಂಡು, ಬಲ ಮಂಡಿಯ ಪಕ್ಕವನ್ನು ಮೇಜಿನ ಅಂಚಿಗೆ ಒತ್ತಿ ಗಾಳಿಯಲ್ಲಿ ಹಿಡಿ ತಿರುಗಿಸಿದ. ಎರಡು ಸುತ್ತು ತಿರುಗಿಸುವಷ್ಟರಲ್ಲಿ ಕೈ ನಿಂತಿತು. ಕೆಳಗೆ ನೋಡಿದ. ಮೇಜಿನ ಅಂಚು ಆ ಗುಬುಟಿಗೇ ಕೂತಿತ್ತು. ಚಾಗೋನ ಕಬ್ಬಿಣದ ಪೀಠ ಕಣ್ಣಿಗೆ ಕಟ್ಟಿತು.

"ಕಾಲಿಗೆ ಹೋಗೋ ನರ ಅಲ್ಲಿ ಚರ್ಮದ ಕೆಳಗೇ ಇರುತ್ತೆ" ಎಂದರು ಡಾಕ್ಟರು. "ಅದನ್ನ ಒತ್ತಿ ಒತ್ತಿ ಜಜ್ಜಿದ್ದೀರಿ. ಒತ್ತೋದು ಬಿಡಿ, ಪಾದಕ್ಕೆ ಪಟ್ಟಿ ಕೊಡ್ತೀನಿ, ನಿಧಾನಕ್ಕೆ ಸರಿಹೋಗುತ್ತೆ. ಇದು ನಿಮ್ಮ ಮನೆತನದ ಕಾಯಿಲೆ ಅಲ್ಲ. ಅದರ ಗುರುತು ಇವತ್ತು ನನಗೆ ಒಂದೂ ಕಾಣಲಿಲ್ಲ. ಅದು ನಿಮ್ಮ ರಕ್ತದಲ್ಲಿ ಇದೆಯೋ ಇಲ್ಲವೋ ಅಂತ ಖಚಿತ ಬೇಕಾದರೆ ಬೇರೆ ಪರೀಕ್ಷೆ ಇದೆ. ಮಾಡಿಸಲೇಬೇಕು ಅಂತೇನಿಲ್ಲ. ಬೇಕು ಅನ್ನಿಸಿದ ದಿನ ಬನ್ನಿ."

"ಇವತ್ತಿಗೆ ಇಷ್ಟು ಸಾಕು ಡಾಕ್ಟ್ರೇ" ಎಂದ ಒನೆಲಿಯೋ. "ಇಷ್ಟೇ ಬೇಕಾದಷ್ಟಾಯ್ತು."

ಹೊರಗೆ ಮಾವಿನ ಮರದ ಕೆಳಗೆ ಕಟ್ಟೆಯ ಮೇಲೆ ಕೂತಾಗ ರಿಗೋ ನಗುತ್ತಿದ್ದ, ಕಣ್ಣಲ್ಲಿ ನೀರೂ ಇತ್ತು. ಒನೆಲಿಯೋಗೆ ಅಣ್ಣನ ಮುಖ ನೋಡಲು ನಾಚಿಕೆಯಾಯಿತು. ಒಂದೇ ತಟ್ಟೆಯಲ್ಲಿ ಉಂಡವರು, ಅವನಿಗೆ ಆ ಕುರ್ಚಿ, ತನಗೆ ಈ ಕಾಲು.

"ನಿಂಗೆ ಹೊಟ್ಟೆಕಿಚ್ಚಾಗಲಿಲ್ವಾ ಅಣ್ಣಾ?"

"ಆಯ್ತು. ಆಗದೇ ಇರುತ್ತಾ? ಮೇಜಿನ ಹತ್ರ ಹಿಡಿ ತಿರುಗಿಸಿದೆಯಲ್ಲ, ಅಷ್ಟು ಹೊತ್ತು ಆಯ್ತು." ರಿಗೋ ಉಸಿರು ತೆಗೆದುಕೊಂಡ. "ಆಮೇಲೆ ಯೋಚನೆ ಮಾಡಿದೆ, ನೀನೂ ಬಿದ್ದರೆ ನಂಗೆ ಕ್ಷೌರ ಮಾಡೋರು ಯಾರು ಅಂತ. ಆಗ ದೇವರಿಗೆ ಕೈ ಮುಗಿದೆ. ಎರಡು ಕೈ ಕೂಡಿಸೋಕೆ ಎಷ್ಟು ಕಷ್ಟ ಪಟ್ಟೆ ಗೊತ್ತಾ?"

ಮನೆಯಲ್ಲಿ ನೆರೇದಾ ಎಲ್ಲವನ್ನೂ ಕೇಳಿಸಿಕೊಂಡಳು. ಬಚ್ಚಲಿಗೆ ಹೋಗಿ ಬಾಟಲಿ ತಂದಳು. "ಇಷ್ಟು ದಿನ ಒಬ್ಬನೇ ಹೆದರಿಕೊಂಡಿದ್ದೆಯಲ್ಲ, ನಾನು ಸತ್ತಿದ್ನಾ?" ಎಂದು ಗಂಡನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಆಮೇಲೆ ಅದೇ ಬೆನ್ನಿಗೆ ಮುಖ ಒತ್ತಿಕೊಂಡು ನಿಂತಳು. ಉಳಿದ ರಮ್ಮನ್ನು ರಿಗೋನದೂ ಸೇರಿ ಮೂರು ಲೋಟಕ್ಕೆ ಬಗ್ಗಿಸಿದಳು. ಅಂಗಿಗಾದರೆ ಎಷ್ಟು ಬೇಕಾದರೂ ಹಚ್ಚಿಕೊಳ್ಳುತ್ತಿದ್ದ ಒನೆಲಿಯೋ ಒಂದು ಗುಟುಕಿಗೇ ಕೆಮ್ಮಿದ. ಸುದ್ದಿ ತಿಳಿದ ಚಾಗೋ ತನ್ನ ಪೀಠವನ್ನೂ ಅದನ್ನು ಬೆಸೆದವನನ್ನೂ ಅವನ ವಂಶವನ್ನೂ ಒಂದೇ ಉಸಿರಿಗೆ ಬೈದು, ಕಾಲು ಸರಿಹೋಗುವವರೆಗೆ ತಾನೇ ಹಿಡಿ ತಿರುಗಿಸಿದ. ಆ ಶನಿವಾರಗಳಲ್ಲಿ ಕಾಲಿಗೆ ಕಾಲು ತೊಡರಿಸಿಕೊಂಡು ಕುಣಿದವರು ಅದನ್ನು ಈಗಲೂ ಮರೆತಿಲ್ಲ.

ಮಳೆ ನಿಲ್ಲುವ ಹೊತ್ತಿಗೆ ಪಾದ ಮೇಲೇಳತೊಡಗಿತು. ಒಂದು ಬೆಳಗ್ಗೆ ಹೆಬ್ಬೆರಳು ಎತ್ತಿದಾಗ ಒನೆಲಿಯೋ ಹೆಂಡತಿಯನ್ನು ಕೂಗಿ ಕರೆದು, ಮಗು ಮಗುಚಿಕೊಂಡದ್ದನ್ನು ತೋರಿಸುವ ಹಾಗೆ ತೋರಿಸಿದ.

ಮತ್ತೆ ಹಿಡಿ ಹಿಡಿಯುವ ಶನಿವಾರ ರಿಗೋನನ್ನೂ ಕುರ್ಚಿ ಸಮೇತ ಕರೆತಂದು ಪೆಟ್ಟಿಗೆಯ ಪಕ್ಕ ಕೂರಿಸಿದರು. ಅವನ ತೊಡೆಯ ಮೇಲೊಂದು ಬಟ್ಟೆಯ ಗಂಟು. ಅಪ್ಪನ ಹಳೆಯ ಗಿರಣಿ ಷರಾಯಿ ಕತ್ತರಿಸಿ, ಒಳಗೆ ಹತ್ತಿ ತುಂಬಿ ಹೊಲಿದ ದಿಂಬು, ಕಬ್ಬಿಣದ ಅಂಚಿಗೆ ಕಟ್ಟಲು ನಾಲ್ಕು ದಾರ.

"ಯಾರು ಹೊಲಿದದ್ದು?" ಒನೆಲಿಯೋ ಕೇಳಿದ. ಕೇಳುವ ಅಗತ್ಯವಿರಲಿಲ್ಲ. ಹೊಲಿಗೆ ಒಂದು ಉದ್ದ, ಒಂದು ಗಿಡ್ಡ, ಒಂದು ಅಡ್ಡ. ಅಲ್ಲಲ್ಲಿ ಸೂಜಿ ಬೆರಳಿಗೆ ಚುಚ್ಚಿದ ಕಂದು ಕಲೆ.

"ಕುಡುಕ ಹೊಲಿದದ್ದು" ಎಂದ ರಿಗೋ. "ಕಟ್ಟಿಕೋ. ಜನ ಕಾಯ್ತಿದ್ದಾರೆ."

ಒನೆಲಿಯೋ ದಿಂಬನ್ನು ಪೀಠಕ್ಕೆ ಕಟ್ಟಿ, ಮಂಡಿ ಆನಿಸಿ, ಹಿಡಿ ತಿರುಗಿಸಿದ. ಹಾಡು ಮುಗಿಯುವವರೆಗೂ ಕಣ್ಣೀರು ಒರೆಸಿಕೊಳ್ಳಲಿಲ್ಲ. ಕೈ ತೆಗೆದರೆ ಹದ ತಪ್ಪುತ್ತಿತ್ತು.