ವಾರಕ್ಕೆ ನಾನು ಸೇರಿಸಿದ ತಿಂಗಳುಗಳು

ಹಂಚಿನ ವ್ಯಾಪಾರಕ್ಕೆ ಇಳಿದ ಮೊದಲ ವರ್ಷವೇ ನಾನು ಕಲಿತದ್ದು ಇಷ್ಟು: ಸಾವಿರ ಹಂಚು ಬೇಕಾದರೆ ಸಾವಿರದ ನೂರು ತರಿಸಬೇಕು. ಘಾಟಿ ಹತ್ತುವಾಗ ಲಾರಿಯಲ್ಲಿ ಒಂದಿಷ್ಟು ಒಡೆಯುತ್ತವೆ, ಇಳಿಸುವಾಗ ಇನ್ನೊಂದಿಷ್ಟು. ಸಾಗರದಲ್ಲಿ ಯಾರು ಮನೆ ಕಟ್ಟಿಸಿದರೂ, ಅವರು ಕೇಳದಿದ್ದರೂ ಹೋಗಿ ಈ ಬುದ್ಧಿ ಹೇಳಿ ಬರುತ್ತಿದ್ದೆ. ಕೇಳಿದವರು ಯಾರೂ ಕೆಟ್ಟಿಲ್ಲ. ಇದೇ ಬುದ್ಧಿಯನ್ನು ಮನುಷ್ಯರ ಮೇಲೆ ಉಪಯೋಗಿಸಿದ್ದು ಒಂದೇ ಸಲ.

ಅರವತ್ತರ ದಶಕದ ಕೊನೆಯ ಮಾತು. ಹೊಸನಗರಕ್ಕೆ ಕೊಟ್ಟಿದ್ದ ನನ್ನ ತಂಗಿಗೆ ಹೆರಿಗೆಯಾದ ಮೇಲೆ ಕುತ್ತಿಗೆಯಲ್ಲಿ ಗಂಟು ಎದ್ದಿತು. ಶಿವಮೊಗ್ಗದ ಡಾಕ್ಟರು ಮುಟ್ಟಿ ನೋಡಿ, ಮದರಾಸಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ವಿಕಿರಣದ ಅಯೋಡಿನ್ ಕುಡಿಸಿ ಗಂಟಿನ ಚಿತ್ರ ತೆಗೆಯುತ್ತಾರಂತೆ. ಅದು ಎದೆಹಾಲಿಗೂ ಇಳಿಯುತ್ತದೆ, ಮಗುವಿಗೆ ಹಾಲು ಪೂರ್ತಿ ಬಿಡಿಸಿಯೇ ಹೋಗಿ ಎಂದರು. ತಂಗಿಯ ಗಂಡ ಸ್ಕೂಲು ಮೇಷ್ಟ್ರು, ರಜೆ ಸಿಗಲಿಲ್ಲ, ಎಲ್ಲ ನನಗೇ ಒಪ್ಪಿಸಿದರು. ಹತ್ತು ತಿಂಗಳ ಹೆಣ್ಣುಮಗುವನ್ನು ತೀರ್ಥಹಳ್ಳಿಯಲ್ಲಿ ನಮ್ಮ ಅಕ್ಕನ ಕೈಯಲ್ಲಿಟ್ಟು, ಶಿವಮೊಗ್ಗಕ್ಕೆ ಬಂದು ರೈಲು ಹತ್ತಿದೆವು. ಅಕ್ಕನಿಗೆ ಮಕ್ಕಳಿರಲಿಲ್ಲ.

ಆಸ್ಪತ್ರೆಯಲ್ಲಿ ಒಂದು ಪುಟ್ಟ ಲೋಟದಲ್ಲಿ ನೀರಿನಂಥದ್ದನ್ನು ಕುಡಿಸಿದರು. ಮರುದಿನ ಮಂಚದ ಮೇಲೆ ಮಲಗಿಸಿದರು. ಯಂತ್ರದ ತೋಳು ಅವಳ ಕುತ್ತಿಗೆಯ ಮೇಲೆ ಅತ್ತಿಂದಿತ್ತ ಸರಿಯುತ್ತ, ಪಕ್ಕದ ಕಾಗದದ ಮೇಲೆ ಟಿಕ್ ಟಿಕ್ ಎಂದು ಚುಕ್ಕಿ ಒತ್ತುತ್ತಿತ್ತು.

"ಅಣ್ಣಯ್ಯ, ಇದೆಂತ, ಹೊಲಿಗೆ ಮಿಷನ್ನಾ?"

"ಸುಮ್ನೆ ಮಲ್ಕೋ ಮಾರಾಯ್ತಿ, ಅಲುಗಾಡಿದ್ರೆ ರವಿಕೆ ಕೆಡುತ್ತೆ" ಎಂದೆ. ನಗಬಾರದೆಂದು ಅವಳು ತುಟಿ ಕಚ್ಚಿಕೊಂಡಳು.

ಡಾಕ್ಟರಿಗೆ ಕನ್ನಡ ಬಾರದು, ಅವಳಿಗೆ ಇಂಗ್ಲಿಷ್ ಬಾರದು. ನನ್ನ ಅಂಗಡಿ ಇಂಗ್ಲಿಷ್ ನಡುವೆ ನಿಂತಿತು. ಗಂಟಿನ ವಿಚಾರಕ್ಕೆ ಭಯ ಬೇಡ, ಮಾತ್ರೆ ಸಾಕು ಎಂದರು. ಪರೀಕ್ಷೆಗೆ ಕೊಟ್ಟ ಪ್ರಮಾಣ ಬಹಳ ಸಣ್ಣದು, ಆದರೂ ಮಗುವಿನ ಗ್ರಂಥಿ ಎಳೆಯದು, ಈ ಮಗುವಿಗೆ ಮತ್ತೆ ಹಾಲು ಕೊಡಬಾರದು, ಒಂದು ವಾರ ಮೈಗೆ ಅಂಟಿಸಿಕೊಂಡು ಮಲಗಿಸಬಾರದು, ಆಮೇಲೆ ಯಾವ ಅಡ್ಡಿಯೂ ಇಲ್ಲ ಎಂದರು.

ನಾನು ಬಿಡುವವನೇ? "ಪೂರ್ತಿ ಹೋಗೋದು ಯಾವಾಗ?" ಎಂದು ಪಟ್ಟು ಹಿಡಿದೆ.

"ಎಂಟು ದಿನಕ್ಕೆ ಅರ್ಧ. ಇನ್ನೆಂಟು ದಿನಕ್ಕೆ ಅದರಲ್ಲರ್ಧ. ಮೂತ್ರದಲ್ಲಿ ಮೈಯಿಂದ ಹೊರಗೆ ಹೋಗೋದು ಅದರ ಮೇಲೆ ಬೇರೆ."

ಅರ್ಧದಲ್ಲಿ ಅರ್ಧ, ಅದರಲ್ಲೂ ಅರ್ಧ ಅಂದರೆ ಮುಗಿಯುವುದು ಎಂದಿಗೆ? ಡಾಕ್ಟರು ನಕ್ಕು, "ಕಾಗದದ ಮೇಲೆ ಮುಗಿಯೋದೇ ಇಲ್ಲ, ನೀವು ಚಿಂತೆ ಮಾಡೋ ಅಷ್ಟು ಉಳಿಯೋದೂ ಇಲ್ಲ" ಎಂದರು. ಕೊನೆಯ ಮಾತು ನನ್ನ ಕಿವಿಗೆ ಇಳಿಯಲಿಲ್ಲ. ಮುಗಿಯುವುದೇ ಇಲ್ಲ ಎಂಬುದು ಮಾತ್ರ ಇಳಿಯಿತು.

ಹೊರಗೆ ಬಂದದ್ದೇ ತಂಗಿ ಕೇಳಿದಳು. "ಪಾಪುನ ಯಾವಾಗ ಎತ್ಕೋಬಹುದಂತೆ?"

"ಆರು ತಿಂಗಳು" ಎಂದೆ. "ಡಾಕ್ಟ್ರೇ ಹೇಳಿದ್ದು."

ಅವಳು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು.

ಆರು ತಿಂಗಳಲ್ಲಿ ಒಂದೇ ಸಲ ತಡೆಯಲಾರದೆ ಹೊಸನಗರದಿಂದ ತೀರ್ಥಹಳ್ಳಿಗೆ ಹೋದಳು. ನನ್ನ ಕಟ್ಟಪ್ಪಣೆ ಅಕ್ಕನಿಗೆ ಮೊದಲೇ ತಲುಪಿತ್ತು. ಮಗು ಅಕ್ಕನ ಸೊಂಟದ ಮೇಲೆ, ಇವಳು ಗೇಟಿನ ಹೊರಗೆ ರಸ್ತೆಯಲ್ಲಿ. ಅಲ್ಲಿಂದಲೇ ಚಪ್ಪಾಳೆ ತಟ್ಟಿ ಕರೆದು, ಬಂದ ಬಸ್ಸಿಗೇ ವಾಪಸು ಹೋದಳಂತೆ. ಇದನ್ನು ಕೇಳಿ ನಾನು, ಹೇಳಿದ ಮಾತು ನಡೆಸಿದಳು ಎಂದು ಮೆಚ್ಚಿದ್ದೆ.

ವಾಯಿದೆ ಮುಗಿದ ದಿನ ನಾನೇ ಜೊತೆಗೆ ಹೋದೆ. ಮಗುವಿಗೆ ನಡಿಗೆ ಬಂದಿತ್ತು. ತಂಗಿ ಕೈ ಚಾಚಿದರೆ ಅದು "ಅಮ್ಮಾ" ಎಂದು ಕಿರುಚಿ ಓಡಿತು, ಅಕ್ಕನ ಸೀರೆಯ ಹಿಂದಕ್ಕೆ. ಅಕ್ಕ ಅಪರಾಧ ಮಾಡಿದವಳ ಹಾಗೆ, "ನಾನೇನೂ ಹೇಳ್ಕೊಟ್ಟಿಲ್ಲ ಕಣೇ" ಎಂದಳು.

ಮುಂದಿನ ವರ್ಷ ಮತ್ತೆ ಮದರಾಸಿಗೆ ಹೋದಾಗ ಮಂಗಳೂರು ಕಡೆಯ ನರ್ಸೊಬ್ಬರು ಸಿಕ್ಕಿದರು. ತಂಗಿ ಅವರ ಜೊತೆ ಬಾಯಿತುಂಬ ಕನ್ನಡದಲ್ಲಿ ಮಾತಾಡಿದಳು. ಅವರೆಂದರು, "ಆರು ತಿಂಗಳು ಯಾರು ಹೇಳಿದ್ದಮ್ಮಾ? ಒಂದು ವಾರ ಅಂತ ಹೋದ ಸಲದ ಆಸ್ಪತ್ರೆ ಚೀಟಿಯಲ್ಲೇ ಇಂಗ್ಲಿಷಿನಲ್ಲಿ ಬರೆದಿದೆ."

ವಾಪಸು ಬರುವಾಗ ಬೀರೂರಿನಲ್ಲಿ ಇಳಿದೆವು. ಅಲ್ಲಿ ಗಾಡಿ ಬದಲಾಯಿಸಲು ಕಾಯುತ್ತಿರುವಾಗ ಮೆಲ್ಲಗೆ ಕೇಳಿದಳು, "ಹಂಚಿನ ಹಾಗೆ ಜಾಸ್ತಿ ತರಿಸಿದ್ಯಲ್ಲ ಅಣ್ಣಯ್ಯ, ಎಷ್ಟು ಒಡೀತು?"

ಮಗುವಿನ ಒಳ್ಳೆಯದಕ್ಕೇ ಮಾಡಿದೆ ಎನ್ನಬಹುದಿತ್ತು. ಅದು ನಿಜವೂ ಹೌದು. ಆದರೆ ನನ್ನ ಹೆದರಿಕೆಯನ್ನು ನನ್ನದೆಂದು ಹೇಳಿದ್ದರೆ ಅವಳು ಜಗಳವಾಡಿ ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ಅದನ್ನು ಡಾಕ್ಟರ ಬಾಯಿಗೆ ಹಾಕಿದೆ, ಅದಕ್ಕೇ ಸೋತಳು.

ಈಗಲೂ ಇಂಥ ಪರೀಕ್ಷೆಗೆ ಹೋಗುವವರು ಸಿಕ್ಕರೆ ನಾನು ಬುದ್ಧಿ ಹೇಳದೆ ಬಿಡುವುದಿಲ್ಲ. ದಿನ ಎಷ್ಟು ಎಂದು ಡಾಕ್ಟರ ಕೈಯಲ್ಲೇ ಬರೆಸಿಕೊಳ್ಳಿ, ಕಾಯಿಲೆಯವರನ್ನೇ ಮುಂದೆ ನಿಲ್ಲಿಸಿ, ನನ್ನಂಥವರನ್ನು ನಡುವೆ ಬಿಡಬೇಡಿ.

ಆ ಮಗು ಬೆಳೆದು ದೊಡ್ಡವಳಾಗಿದ್ದಾಳೆ. ಅವಳಿಗೆ ನಮ್ಮ ಅಕ್ಕನೇ ಅಮ್ಮ, ಹೆತ್ತವಳು ಹೊಸನಗರದಮ್ಮ. ಹಾಗೆ ಕೂಗಿದರೆ ತಂಗಿ ಒಳಗಿನಿಂದಲೇ "ಓ" ಎನ್ನುತ್ತಾಳೆ. ನಾನು ಜಗಲಿಯಲ್ಲಿ ಕೂತಿದ್ದರೆ ಮಾತ್ರ ಒಂದು ಕ್ಷಣ ತಡೆದು.